ಬೋಂಡಾದ ಪಕ್ಕದ ಚೀಟಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಸಾಗರದ ಒಂದು ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ದಣಿವು. ವಾರವಿಡೀ ಸಾಗರದ ಬಾಡಿಗೆ ಕೋಣೆ. ಶನಿವಾರ ಪಾಠ ಮುಗಿಸಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬಸ್ಸು. ಅಲ್ಲಿ ಗಂಡ, ಅತ್ತೆ, ಇನ್ನೂ ಶಾಲೆಗೆ ಸೇರದ ಮಗಳು. ಸೋಮವಾರ ಮಗಳು ಏಳುವ ಮೊದಲೇ ಮತ್ತೆ ಬಸ್ಸು. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದೆ, ಕಂಡಕ್ಟರನೇ ಎಬ್ಬಿಸಬೇಕು.

ಅಂಥದೊಂದು ಸೋಮವಾರವೇ ಆ ಹುಡುಗಿ ತರಗತಿಯಲ್ಲಿ ಕುಸಿದು ಬಿದ್ದದ್ದು. ನುಗ್ಗೆಸೊಪ್ಪಿನಲ್ಲಿ ಕಬ್ಬಿಣದ ಅಂಶ ಎಷ್ಟಿರುತ್ತದೆಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅವಳು ನೆಲದ ಮೇಲೆ ಇದ್ದಳು. ಆಸ್ಪತ್ರೆಯ ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ. ಎಂತ ತಿಂತಾಳೆ ಇವಳು?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ಅವಳನ್ನೇ ಕೇಳಿದೆ. ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದ ಹಳ್ಳಿ ಅವಳದು.

"ಲಾಂಚ್ ತಪ್ಪಿದ್ರೆ ಬಸ್ಸೂ ತಪ್ತದೆ ಮೇಡಂ. ಹಂಗಾಗಿ ಬರೀ ಕಾಫಿ ಕುಡ್ಕಂಡು ಹೊರಡ್ತೀನಿ. ಇಲ್ಲಿ ಒಂದು ಬನ್ನು, ಟೀ."

"ಮಧ್ಯಾಹ್ನಕ್ಕೆ?"

"ಬನ್ನು ಮಧ್ಯಾಹ್ನದ್ದೇ ಮೇಡಂ."

ನಮ್ಮ ಕ್ಯಾಂಟೀನಿನಲ್ಲಿ ಕಡ್ಲೆ ಉಸ್ಲಿ ಇತ್ತು, ಇಡ್ಲಿ ಇತ್ತು. ಹೀಗಿದ್ದೂ ಈ ಮಕ್ಕಳು ಬನ್ನು ತಿಂದು ದಿನ ಕಳೆಯುವುದು ತಿಳಿವಳಿಕೆ ಇಲ್ಲದೆ ಎಂದು ನನಗೆ ಅನ್ನಿಸಿತು. ಪ್ರತಿ ತಿಂಡಿಯ ಪಕ್ಕ ಅದರಲ್ಲಿ ಏನೇನಿದೆ ಎಂದು ಬರೆದು ಅಂಟಿಸಿದರೆ ನೋಡಿಯಾದರೂ ಆರಿಸಿಕೊಳ್ಳುತ್ತಾರೆ ಎಂದುಕೊಂಡೆ. ಕ್ಯಾಂಟೀನು ನಡೆಸುತ್ತಿದ್ದವರು ಮಧ್ಯವಯಸ್ಸಿನ, ಮಾತು ಕಡಿಮೆಯ ಮನುಷ್ಯ. ನನ್ನ ಮಾತನ್ನೆಲ್ಲ ಕೇಳಿ, "ಬರ್ಕೊಳ್ಳಿ ಮೇಡಂ, ನಂಗೆಂತ. ಬೋಂಡಾ ಕೆಟ್ಟದ್ದು ಅಂತ ಮಾತ್ರ ಬರೀಬ್ಯಾಡಿ ಮಾರಾಯ್ರೆ," ಎಂದರು.

ಲ್ಯಾಬಿನ ತಕ್ಕಡಿಯಲ್ಲಿ ಒಂದೊಂದೇ ತಿಂಡಿ ತೂಗಿ, ಪುಸ್ತಕದ ಕೋಷ್ಟಕ ನೋಡಿ ಲೆಕ್ಕ ಹಾಕಿದೆ. ದಪ್ಪ ರಟ್ಟಿನ ಮೇಲೆ ಶಕ್ತಿ, ಪ್ರೋಟೀನು, ಕಬ್ಬಿಣ ಎಂದು ದುಂಡಗೆ ಬರೆದೆ. ಚೀಟಿಗಳು ಗಾಜಿನ ಕಪಾಟಿನ ಮೇಲೆ ಸಾಲಾಗಿ ನಿಂತ ದಿನ ನನಗೆ ಬಹಳ ಕಾಲದ ಮೇಲೆ ಸ್ವಲ್ಪ ಹುರುಪು ಬಂದಿತ್ತು.

ಹುಡುಗರು ಚೀಟಿ ಓದಿದರು. ಓದಿ, ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೋಂಡಾದಲ್ಲಿದೆ ಎಂದು ಕಂಡುಕೊಂಡರು. ಎಣ್ಣೆಯಲ್ಲಿ ಕರಿದದ್ದಕ್ಕೆ ಕ್ಯಾಲರಿ ಹೆಚ್ಚೇ ತಾನೆ! ಕಬಡ್ಡಿ ತಂಡದವರಂತೂ ಆಟಕ್ಕೆ ಮೊದಲು ಬಂದು, "ಶಕ್ತಿ ಕೊಡಿ" ಎಂದು ಕೇಳತೊಡಗಿದರು. ಬೋಂಡಾ ಮಧ್ಯಾಹ್ನದೊಳಗೆ ಖಾಲಿ. ಉಸ್ಲಿ ಪಾತ್ರೆಯಲ್ಲೇ ಒಣಗಿತು. "ನಿಮ್ಮ ಚೀಟಿಯಿಂದ ವ್ಯಾಪಾರ ಭಾರೀ ಆತು ಮೇಡಂ," ಎಂದು ಕ್ಯಾಂಟೀನಿನವರು ನಿಜವಾದ ಕೃತಜ್ಞತೆಯಿಂದ ಹೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಟಿಗಳನ್ನು ಮತ್ತೆ ಬರೆಯಲು ಕೂತೆ. ಕಣ್ಣು ಎಳೆಯುತ್ತಿತ್ತು. ಈ ಸಲ ಅಂಕಿಗಳನ್ನು ಬಿಟ್ಟು, ಉಸ್ಲಿಗೆ "ರಕ್ತ ಹೆಚ್ಚಿಸುತ್ತದೆ, ಬೇಗ ಹಸಿವಾಗುವುದಿಲ್ಲ" ಎಂದಷ್ಟೇ ಬರೆದೆ.

ಕೆಲವು ವಾರ ಕಳೆದ ಮೇಲೆ ಆ ಹುಡುಗಿ ವರಾಂಡದಲ್ಲಿ ಸಿಕ್ಕಳು. ಮುಖ ಹಾಗೇ ಬಿಳಿಚಿಕೊಂಡಿತ್ತು.

"ಚೀಟಿ ಓದಿದ್ಯ? ಉಸ್ಲಿ ತಿಂತಿದ್ದೀಯಾ?"

"ಯಾವ ಚೀಟಿ ಮೇಡಂ?"

"ಕ್ಯಾಂಟೀನಿಂದು."

ಅವಳು ನನ್ನ ಮುಖವನ್ನೇ ನೋಡಿದಳು. "ಹುಡುಗೇರು ಯಾರೂ ಕ್ಯಾಂಟೀನ್ ಒಳಗೆ ಹೋಗಲ್ವಲ್ಲ ಮೇಡಂ."

ಅಟೆಂಡರ್ ಕೆಟ್ಲಿನಲ್ಲಿ ಟೀ, ಕಾಗದದಲ್ಲಿ ಬನ್ನು ಕಟ್ಟಿಸಿಕೊಂಡು ಹುಡುಗಿಯರ ಕೋಣೆಗೆ ತಂದುಕೊಡುತ್ತಿದ್ದ. ಉಸ್ಲಿಗೆ ತಟ್ಟೆ ಬೇಕು, ತಟ್ಟೆಯನ್ನು ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಬಾಡಿಗೆ ಕೋಣೆಯಿಂದ ತಂದ ಡಬ್ಬಿಯನ್ನು ಲ್ಯಾಬಿನಲ್ಲೇ ಕೂತು ತಿನ್ನುತ್ತಿದ್ದ ನಾನು, ಊಟದ ಹೊತ್ತಿನಲ್ಲಿ ಕ್ಯಾಂಟೀನು ನೋಡಿದವಳೇ ಅಲ್ಲ. ಯಾರಿಗಾಗಿ ಅಷ್ಟೆಲ್ಲ ತೂಗಿ ಬರೆದಿದ್ದೆನೋ ಅವರು ಆ ಬಾಗಿಲನ್ನೇ ದಾಟುತ್ತಿರಲಿಲ್ಲ.

ಪ್ರಾಂಶುಪಾಲರ ಹತ್ತಿರ ಹೋಗಿ, ಹುಡುಗಿಯರಿಗೆ ಕ್ಯಾಂಟೀನಿನಲ್ಲಿ ಒಂದು ಬೆಂಚು ಬಿಡಿಸಿ ಎಂದೆ.

"ನಾಳೆ ಅವರ ಅಪ್ಪಂದಿರು ಬಂದು ನನ್ನ ಕೇಳ್ತಾರಮ್ಮ," ಎಂದರು ಅವರು. "ಹೋಗ್ಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಹೋಗಿ ಅಂತ ಹೇಳೋದೂ ಇಲ್ಲ."

ಮರುದಿನ ಮಧ್ಯಾಹ್ನ ಅವಳನ್ನು ಕರೆದುಕೊಂಡು ನಾನೇ ಕ್ಯಾಂಟೀನಿಗೆ ಹೋದೆ. ಬಾಗಿಲಲ್ಲಿ ಅವಳು ನಿಂತಳು. "ಮೇಡಂ, ಬ್ಯಾಡ," ಎಂದಳು. "ನಂಗೂ ಹಸಿವಾಗಿದೆ, ಬಾ," ಎಂದೆ. ಒಳಗೆ ಹೋದಂತೆ ಮಾತೆಲ್ಲ ನಿಂತಿತು. ಕ್ಯಾಂಟೀನಿನವರು ಹೆಗಲ ಬಟ್ಟೆಯಿಂದ ತಾವೇ ಬೆಂಚು ಒರೆಸಿದರು. "ಎಂತ ಕೊಡ್ಲಿ ತಂಗಿ?" ಎಂದು ಕೇಳಿದರು. ಅವಳು ಕೂರಲಿಲ್ಲ. ಕಪಾಟಿನ ಮುಂದೆ ನಿಂತು ಚೀಟಿಗಳನ್ನು ಒಂದೊಂದಾಗಿ ಓದಿದಳು, ಪರೀಕ್ಷೆಯ ಪ್ರಶ್ನೆಪತ್ರಿಕೆ ಓದುವ ಹಾಗೆ. ಆಮೇಲೆ ಮೆಲ್ಲಗೆ, "ಉಸ್ಲಿ," ಎಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. "ನಗೋದಿದ್ರೆ ಹೊರಗೆ ಹೋಗಿ ನಕ್ಕಂಡು ಬನ್ನಿ," ಎಂದರು ಕ್ಯಾಂಟೀನಿನವರು, ತಿರುಗಿಯೂ ನೋಡದೆ. ಅವಳು ತಲೆ ಎತ್ತದೆ ತಿಂದಳು, ತಟ್ಟೆಯ ಕೊನೆಯ ಕಾಳಿನವರೆಗೆ. ನಾನೂ ತಿಂದೆ. ಉಪ್ಪು ಸ್ವಲ್ಪ ಮುಂದಾಗಿತ್ತು.

ಅಲ್ಲಿಂದ ಅವಳ ಗೆಳತಿಯರೂ ಒಬ್ಬೊಬ್ಬರಾಗಿ ಬಂದರು, ಆದರೆ ನನ್ನ ಜೊತೆಗೆ ಮಾತ್ರ. ಮಗಳಿಗೆ ಜ್ವರವೆಂದು ನಾನು ರಜೆ ಹಾಕಿದರೆ ಅವರಿಗೆ ಅಂದು ಮತ್ತೆ ಬನ್ನು. ಒಂದು ಗಳಿಗೆ ಕಾಲು ಚಾಚಿ ಕೂರೋಣವೆಂದರೆ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಿದ್ದರು. ಸಿಟ್ಟೂ ಬರುತ್ತಿತ್ತು, ಎದ್ದು ಹೋಗುತ್ತಲೂ ಇದ್ದೆ. ಹೀಗೇ ಮಳೆಗಾಲ ಮುಗಿಯಿತು. ಒಂದು ಸೋಮವಾರ ಹೊಸನಗರದ ಹತ್ತಿರ ಬಸ್ಸು ಕೆಟ್ಟು, ನಾನು ಕಾಲೇಜು ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಇವತ್ತು ಹಸಿದಿರುತ್ತಾರೆ ಎಂದುಕೊಂಡು ಬ್ಯಾಗಿಡದೆ ಕ್ಯಾಂಟೀನಿಗೆ ಹೋದೆ. ಅವಳು ಗೆಳತಿಯರೊಂದಿಗೆ ಬೆಂಚಿನಲ್ಲಿ ಕೂತು, ಯಾವುದೋ ಮಾತಿಗೆ ಬಾಯ್ತುಂಬ ನಗುತ್ತಾ ತಿನ್ನುತ್ತಿದ್ದಳು. ನನ್ನನ್ನು ನೋಡಿ ಜರುಗಿ ಜಾಗ ಮಾಡಿದಳು. ಕೂತ ಮೇಲೆ ನನಗೆ ಏಳಲಾಗಲಿಲ್ಲ.

ಡಾಕ್ಟರ ಮಾತ್ರೆಯೋ ಉಸ್ಲಿಯೋ, ಅವಳ ಮುಖಕ್ಕೆ ಬಣ್ಣ ಬಂತು, ಪರೀಕ್ಷೆಯೂ ಪಾಸಾಯಿತು. ಮರುವರ್ಷ ಕ್ಯಾಂಟೀನಿನ ಗುತ್ತಿಗೆ ಬೇರೆಯವರಿಗೆ ಹೋಯಿತು. ಹೊಸಬರು ಉಸ್ಲಿ ನಿಲ್ಲಿಸಿದರು, ಚೀಟಿಗಳು ಎಲ್ಲಿ ಹೋದವೋ ನಾನು ಕೇಳಲಿಲ್ಲ. ಹುಡುಗಿಯರು ಮಾತ್ರ ಆ ಬೆಂಚು ಬಿಡಲಿಲ್ಲ.

ಆಮೇಲೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಲ್ಲಿಯೂ ಹುಡುಗಿಯರು ಕ್ಯಾಂಟೀನಿಗೆ ಹೋಗದೆ ಬಾಗಿಲು ಮುಂದೆ ಮಾಡಿಕೊಂಡು ತಮ್ಮ ಕೋಣೆಯಲ್ಲೇ ಕೂರುತ್ತಿದ್ದರು. ತೂಗಿ, ಲೆಕ್ಕ ಹಾಕಿ, ಬರೆಯುವುದನ್ನು ಮೊದಲಿನಿಂದ ಶುರುಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಎರಡನೆಯ ವಾರದಲ್ಲಿ ಆ ಕೋಣೆಯ ಬಾಗಿಲು ತಟ್ಟಿ, "ಯಾರಿಗೆ ಹಸಿವಾಗಿದೆ, ನನ್ನ ಜೊತೆ ಬನ್ನಿ," ಎಂದೆ. ಅಂದು ಯಾರೂ ಏಳಲಿಲ್ಲ. ಮರುದಿನ ಇಬ್ಬರು ಬಂದರು.