ಭಾವನ ಬಲಗಾಲು

ನನ್ನ ಭಾವನ ಬಲಗಾಲಿಗೆ ಅದರದ್ದೇ ಒಂದು ಬುದ್ಧಿ ಇದೆ. ತಲೆಯಲ್ಲಿರುವ ಬುದ್ಧಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಸಿನಿಮಾದಲ್ಲಿ ಲಾರಿ ಎದುರಿಗೆ ಬಂದರೆ ಆ ಕಾಲು ಮುಂದಿನ ಸೀಟಿನ ಬೆನ್ನನ್ನು ಒತ್ತುತ್ತದೆ. ಸೋಫಾದಲ್ಲಿ ತೂಕಡಿಸುತ್ತಿರುವಾಗ ಮೊಮ್ಮಗಳು ಮೂರು ಚಕ್ರದ ಸೈಕಲ್ಲಿನಲ್ಲಿ ಗೋಡೆ ಕಡೆ ನುಗ್ಗಿದರೆ, ಕಣ್ಣು ಬಿಡುವ ಮೊದಲೇ ಕಾಲು ನೆಲ ಒತ್ತಿರುತ್ತದೆ. ಒಮ್ಮೆ ಹಲ್ಲಿನ ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದಾಗ ಇವರು ಕಾಲು ಒತ್ತಿದ ರಭಸಕ್ಕೆ ಡಾಕ್ಟರ ಸ್ಟೂಲು ಡಾಕ್ಟರ ಸಮೇತ ಗೋಡೆಯವರೆಗೆ ಜಾರಿತ್ತು.

ಇದಕ್ಕೆ ಕಾರಣ ಅವರ ಕಸುಬು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಸ್ಟಿಯರಿಂಗ್ ಹಿಡಿದು ದೇವರನ್ನು ನೆನೆಯುತ್ತಿರುವಾಗ ಕಾರು ನಿಲ್ಲಿಸುವುದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲು. ಮೀಸೆ ಚಿಗುರಿದಾಗಿನಿಂದ ಕೂದಲು ನೆರೆಯುವ ತನಕ ಭಾವ ಆ ಸೀಟಿನಲ್ಲೇ ಕೂತರು. ನಮ್ಮೂರಿನ ಅರ್ಧಕ್ಕರ್ಧ ಡ್ರೈವರುಗಳು ಅವರಿಂದಲೇ ಪಳಗಿದವರು. ಬ್ರೇಕ್ ಮೇಷ್ಟ್ರು ಎಂದರೆ ಮನೆ ತೋರಿಸದವರಿಲ್ಲ. ನನಗೂ ಅವರೇ ಕಲಿಸಿದ್ದು. ನಾನು ನಾದಿನಿ ಎಂದು ರಿಯಾಯಿತಿ ಕೊಡಲಿಲ್ಲ, ಗದರಲೂ ಇಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅವರ ಕಾಲು ಪೆಡಲಿನಿಂದ ದೂರ ಸರಿದು ಕೂತಿತ್ತು.

ಇಷ್ಟು ಜನರಿಗೆ ಕಲಿಸಿದ ಮಹಾನುಭಾವರಿಗೆ ಕಲಿಸಲು ಆಗದೆ ಹೋದದ್ದು ಒಬ್ಬಳಿಗೆ ಮಾತ್ರ, ನಮ್ಮಕ್ಕನಿಗೆ. ಮದುವೆಯಾದ ಹೊಸದರಲ್ಲಿ ಕಲಿಸುತ್ತೇನೆಂದು ಕರೆದುಕೊಂಡು ಹೋದರು. ಮೈದಾನದಿಂದ ಹೊರಟು ರೈಲ್ವೆ ಗೇಟು ತಲುಪುವಷ್ಟರಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದರೋ, ಅಕ್ಕ ನಡುರಸ್ತೆಯಲ್ಲೇ ಇಳಿದು, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ಮನೆಗೆ ನಡೆದುಬಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹಾಗೆ ಎಂದವರು ನಮ್ಮಕ್ಕನನ್ನು ನೋಡಿರಲಿಲ್ಲ. ಆವತ್ತಿನಿಂದ ಗಂಡನ ಎದುರಿಗೆ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ.

ಅಕ್ಕನ ಬಗ್ಗೆಯೂ ಹೇಳಬೇಕು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವಳು. ಎಂಥ ಪುಕ್ಕಲ ಬಂದು ಕೂತರೂ ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ನರ ತಡವಿ, "ಆ ಕಡೆ ನೋಡಿ" ಎನ್ನುವಳು. ಆತ ಕಿಟಕಿಯ ಕಡೆ ತಿರುಗಿ ಹೊರಗಿನ ಮರದಲ್ಲಿ ಏನಿದೆ ಎಂದು ನೋಡುವಷ್ಟರಲ್ಲಿ ಇವಳ ಕೆಲಸ ಮುಗಿದು ಹತ್ತಿ ಒತ್ತಿಯಾಗಿರುತ್ತಿತ್ತು. ಅವಳ ಕೈ ನಡುಗಿದ್ದನ್ನು ನಾನು ಕಂಡಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಅಕ್ಕ ಅಕ್ಷರಶಃ ಪಾಲಿಸಿದಳು. ಮಗಳು ಕಾಲೇಜು ಸೇರಿದ ವರ್ಷ, ಊರಿನ ಆ ತುದಿಯಲ್ಲಿದ್ದ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಸೇರಿದಳು. ಬ್ರೇಕ್ ಮೇಷ್ಟ್ರ ಹೆಂಡತಿ ಎದುರಾಳಿಯ ಕಾರಿನಲ್ಲಿ! ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಲೈಸೆನ್ಸು ತಂದು ಊಟದ ಮೇಜಿನ ಮೇಲಿಟ್ಟಾಗ ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಆ ಮೇಷ್ಟ್ರು ಕನ್ನಡಿ ನೋಡುವುದನ್ನಾದರೂ ಕಲಿಸಿದನಾ ಎಂದು ಕೇಳಿ ಊಟ ಮುಂದುವರಿಸಿದರು. ಅಂದಿನಿಂದ ಅಕ್ಕ ನನ್ನ ಕಾರನ್ನೇ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದೆ. ಭಾವ ಆ ಕಾರು ಹತ್ತಲಿಲ್ಲ, ಅವಳೂ ಕರೆಯಲಿಲ್ಲ.

ಮೊನ್ನೆ ಚಳಿಗಾಲದ ಕೊನೆಗೆ ಭಾವ ನಿವೃತ್ತರಾದರು. ಸ್ಕೂಲಿನ ಯಜಮಾನರು ನಾಲ್ಕು ಒಳ್ಳೆಯ ಮಾತಾಡಿ, ಭಾವ ಜೀವಮಾನವಿಡೀ ಕೂತಿದ್ದ ಹಳೆಯ ಕಾರಿನ ಕೀಲಿಯನ್ನೇ ಅವರ ಕೈಗಿಟ್ಟುಬಿಟ್ಟರು. ಛಾವಣಿಯ ಮೇಲಿನ ಬೋರ್ಡು ಬಿಚ್ಚಿದ್ದರೂ ತಿರುಪಿನ ತೂತುಗಳು ಹಾಗೇ ಇದ್ದವು. ಭಾವ ಅದನ್ನು ಮನೆ ಮುಂದೆ ತಂದು ನಿಲ್ಲಿಸಿ, ಒಳಗೆ ಬಂದು, ಬೇಸಿಗೆ ಪೂರ್ತಿ ಕಾರಿನಲ್ಲಿ ಸುತ್ತೋಣ ಎಂದು ಘೋಷಿಸಿದರು.

ಆಸೆ ಅರ್ಥವಾಗುವಂಥದ್ದೇ. ಇಷ್ಟು ವರ್ಷ ಗಾಣದೆತ್ತಿನ ಹಾಗೆ ಮೈದಾನ, ಕೋರ್ಟಿನ ರಸ್ತೆ, ರೈಲ್ವೆ ಗೇಟು, ಹಿಟ್ಟಿನ ಗಿರಣಿ, ಮತ್ತೆ ಮೈದಾನ ಎಂದು ಸುತ್ತಿದ್ದರು. ಗಿರಣಿಯಿಂದಾಚೆಗೆ ಆ ಕಾರು ಹೋದದ್ದೇ ಇಲ್ಲ. ಮೂರನೇ ಗೇರಿಗಿಂತ ಮೇಲಕ್ಕೂ ಹೋದದ್ದಿಲ್ಲ. ಕಾರಿನ ಪಾಡು ಅದಾದರೆ ಮೇಷ್ಟ್ರ ಪಾಡೂ ಅದೇ.

ಊಟದ ಮೇಜಿನ ಮೇಲೆ ದೊಡ್ಡ ನಕ್ಷೆ ಬಿದ್ದುಕೊಂಡಿತು. ನಾಲ್ಕು ಮೂಲೆಗೆ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ, ಟಾರ್ಚು, ಅಕ್ಕನ ಕನ್ನಡಕದ ಪೆಟ್ಟಿಗೆ. ಊಟ ಅಡುಗೆಮನೆಯ ಕಟ್ಟೆಗೆ ವರ್ಗವಾಯಿತು. ನದಿಯ ಗುಂಟ ಇಳಿದು ಸಮುದ್ರ, ಸಮುದ್ರದ ಗುಂಟ ಉತ್ತರಕ್ಕೆ, ಸೆಕೆ ಹೆಚ್ಚಾದರೆ ಬೆಟ್ಟಕ್ಕೆ, ಮೊದಲ ಮಳೆಗೆ ಮನೆಗೆ. ಸಮುದ್ರ ಎಂದಾಗಲೆಲ್ಲ ಅಕ್ಕನ ಬೆರಳು ನಕ್ಷೆಯ ಆ ನೀಲಿ ಅಂಚಿಗೆ ಹೋಗುತ್ತಿತ್ತು. ಲ್ಯಾಬಿನ ಬಿಳಿ ಗೋಡೆ ನೋಡಿ ನೋಡಿ ಸಾಕಾದವಳು ಅವಳು.

ಭಾವ ದಿನದಿನದ ಪ್ರಯಾಣವನ್ನು ಪೆನ್ಸಿಲಿನಿಂದ ಗುರುತು ಮಾಡಿದ್ದರು. ನಾನು ಬಗ್ಗಿ ನೋಡಿದೆ. ಮೊದಲ ದಿನ ಬೆಳಿಗ್ಗೆ ಹೊರಟು ಕತ್ತಲಾಗುವ ಹೊತ್ತಿಗೆ ಸೇರುವ ಊರು, ನಾನು ನನ್ನ ಅಂಗಡಿಗೆ ಬಟ್ಟೆ ತರಲು ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರುವ ಊರು. ಪಾಪ, ಅವರ ಲೆಕ್ಕದಲ್ಲಿ ಕಾರು ಎಂದರೆ ಕಲಿಯುವವರ ವೇಗದಲ್ಲಿ ತೆವಳುವ ವಸ್ತು.

"ಭಾವ, ಈ ಲೆಕ್ಕದಲ್ಲಿ ಹೋದ್ರೆ ನೀವು ಸಮುದ್ರ ಸೇರೋ ಹೊತ್ತಿಗೆ ಸ್ವೆಟರ್ ಬೇಕಾಗುತ್ತೆ" ಎಂದೆ.

ಅಕ್ಕ ನಕ್ಕಳು. ನಗುತ್ತಲೇ ತನ್ನ ಷರತ್ತನ್ನೂ ಮುಂದಿಟ್ಟಳು. ಅರ್ಧ ದಾರಿ ಅವಳು ಓಡಿಸಬೇಕು. ಪಕ್ಕದ ಸೀಟಿನ ಪೆಡಲು ಬಿಚ್ಚಿಸಬೇಕು. ಇಲ್ಲವಾದರೆ ಭಾವ ಒಬ್ಬರೇ ಹೋಗಬಹುದು. ಡಿಕ್ಕಿಯಲ್ಲಿರುವ ಸೂಟ್‌ಕೇಸಿನ ಹಾಗೆ ಕೂತು ಬರಲು ತನಗೆ ಇಷ್ಟವಿಲ್ಲ ಎಂದಳು.

ಭಾವ ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ. ಆಮೇಲೆ ನೋಡಿದರೆ ಮೆಕ್ಯಾನಿಕ್ಕನಿಗೆ ಒಂದು ದಿನ ಜ್ವರ, ಇನ್ನೊಂದು ದಿನ ಬಿಡುವಿಲ್ಲ, ಮತ್ತೊಂದು ದಿನ ಸ್ಪ್ಯಾನರ್ ಸಿಗಲಿಲ್ಲ. ಆ ಮೆಕ್ಯಾನಿಕ್ ನನ್ನ ಅಂಗಡಿಯ ಎದುರಿಗೇ ದಿನವಿಡೀ ಗುಂಡುಕಲ್ಲಿನ ಹಾಗೆ ಕೂತಿರುತ್ತಾನೆ. ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಭಾನುವಾರ, ಪೆಡಲು ಇದ್ದರೂ ಕಾಲಿಡುವುದಿಲ್ಲ ಎಂದು ಭಾವ ಮಾತು ಕೊಟ್ಟರು. ಪರೀಕ್ಷೆಗೆಂದು ಮೂವರೂ ಹೊರಟೆವು. ಅಕ್ಕ ಸೀಟು ಸರಿಮಾಡಿದಳು, ಕನ್ನಡಿ ನೋಡಿದಳು, ಕಾರು ತೆಗೆದಳು. ಕೋರ್ಟಿನ ರಸ್ತೆ ಸಲೀಸಾಗಿ ಕಳೆಯಿತು. ರೈಲ್ವೆ ಗೇಟೂ ಕಳೆಯಿತು. ಹಿಂದಿನ ಸೀಟಿನಲ್ಲಿ ಕೂತ ನನಗೆ ಭಾವನ ಮಂಡಿ ಮಾತ್ರ ಕಾಣುತ್ತಿತ್ತು. ಅದು ಮಳೆಯಲ್ಲಿ ನೆಂದ ನಾಯಿಯ ಹಾಗೆ ನಡುಗುತ್ತಿತ್ತು. ಗಿರಣಿ ದಾಟಿ ರಸ್ತೆ ತೆರೆದುಕೊಂಡಿತು, ಅಕ್ಕ ನಾಲ್ಕನೇ ಗೇರು ಹಾಕಿದಳು. ಆ ಕಾರಿಗೂ ಅದು ಹೊಸದು, ಭಾವನಿಗೂ ಹೊಸದು. ಎದುರಿನ ತಿರುವಿನಲ್ಲಿ ಒಂದು ಬಸ್ಸು ತನ್ನ ಪಾಡಿಗೆ ತಾನು ಬರುತ್ತಿತ್ತು, ಅಷ್ಟೇ. ಕಾಲು ಪೆಡಲಿಗೆ ಹೋಯಿತು. ಕಾರು ಕಿರುಚಿ ನಿಂತಿತು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಕೂದಲೆಳೆಯಲ್ಲಿ ಪಕ್ಕಕ್ಕೆ ತಿರುಗಿಸಿಕೊಂಡು, ನಮ್ಮ ವಂಶವನ್ನೆಲ್ಲ ನೆನೆದು ಮುಂದೆ ಹೋದ.

ಅಕ್ಕ ಕಾರನ್ನು ನಿಧಾನವಾಗಿ ಅಂಚಿಗೆ ತಂದಳು. ಹ್ಯಾಂಡ್‌ಬ್ರೇಕು ಎಳೆದಳು, ನ್ಯೂಟ್ರಲ್ಲಿಗೆ ತಂದಳು, ಎಂಜಿನ್ ಆರಿಸಿದಳು. ಕೀಲಿ ತೆಗೆದು ಭಾವನ ತೊಡೆಯ ಮೇಲಿಟ್ಟಳು.

"ನಾನು ನಡ್ಕೊಂಡು ಹೋಗ್ತೀನಿ. ನೀವೂ ನಿಮ್ಮ ಕಾಲೂ ಸೇರಿ ಪ್ರವಾಸ ಮುಗಿಸ್ಕೊಂಡು ಬನ್ನಿ."

ಇಳಿದು ಹೊರಟೇಬಿಟ್ಟಳು. ಈ ಸಲವೂ ತಿರುಗಿ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರು ಕಿರಿಯರು ಎನ್ನದೆ ಭಾವನನ್ನು ಚೆನ್ನಾಗಿ ಬೈದೆ. ನಾನು ಕಲಿಯುವಾಗ ಲಾರಿಯ ಕೆಳಗೇ ನುಗ್ಗಿಸಲು ಹೊರಟಿದ್ದೆ, ಆಗ ಸುಮ್ಮನಿದ್ದವರು ಈಗ ಇಷ್ಟು ಚೆನ್ನಾಗಿ ಓಡಿಸುವವಳಿಗೆ ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದೆ. ಭಾವ ತೊಡೆಯ ಮೇಲಿನ ಕೀಲಿಯನ್ನು ಕೈಗೆತ್ತಿಕೊಂಡರು.

"ಬೇರೆಯವ್ರು ಓಡಿಸ್ತಿದ್ರೆ ನಾನು ರಸ್ತೆ ನೋಡ್ತೀನಿ ಕಣಮ್ಮ. ಇವಳು ಕೂತ್ರೆ ನಂಗೆ ರಸ್ತೆ ಕಾಣಲ್ಲ, ಇವಳೇ ಕಾಣ್ತಾಳೆ. ಇವಳಿಗೇನಾದ್ರೂ ಆಗ್ಬಿಟ್ರೆ ಅನ್ನೋದ್ರೊಳಗೆ ಕಾಲು ಒತ್ತಿರುತ್ತೆ."

ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನನಗೆ ಹೇಳಿ ಏನು ಪ್ರಯೋಜನ, ಹೇಳಬೇಕಾದವಳು ಅಗೋ ಅಲ್ಲಿ ಬಿಸಿಲಲ್ಲಿ ನಡೆದು ಹೋಗುತ್ತಿದ್ದಾಳೆ ಎಂದೆ.

ಆವತ್ತು ಭಾವ ಹೇಳಲಿಲ್ಲ. ನಕ್ಷೆ ಮಡಿಸಿಕೊಂಡು ಬೀರುವಿನ ಮೇಲೆ ಹೋಯಿತು. ಊಟ ಮತ್ತೆ ಮೇಜಿಗೆ ಬಂತು. ಅಕ್ಕ ನನ್ನನ್ನು ಕರೆದು, ಸಮುದ್ರದ ಊರಿಗೆ ರೈಲು ಯಾವಾಗ, ನೀನು ಬರುತ್ತೀಯಾ ಎಂದು ಕೇಳಿದಳು. ಅವಳು ಕೇಳಿದಳೆಂದರೆ ಹೊರಟಳೆಂದೇ ಲೆಕ್ಕ. ಭಾವ ನಿಂತ ಕಾರಿನ ಪಕ್ಕದ ಸೀಟಿನಲ್ಲಿ ಒಬ್ಬರೇ ಕೂತಿರುವುದನ್ನು ನಾನು ಅಂಗಡಿಗೆ ಹೋಗುವಾಗ ನೋಡಿದೆ. ಬರುವಾಗಲೂ ನೋಡಿದೆ.

ಒಂದು ಸಂಜೆ ನಾನು ಅಕ್ಕನ ಮನೆಯಲ್ಲಿದ್ದಾಗ ಭಾವ ಒಳಗೆ ಬಂದು, ಪೇಪರಿನಲ್ಲಿ ಸುತ್ತಿದ ಭಾರದ ಗಂಟೊಂದನ್ನು ಮೇಜಿನ ಮೇಲೆ ಅಕ್ಕನ ಮುಂದಿಟ್ಟರು. ಬಿಡಿಸಿದರೆ ಎರಡು ಪೆಡಲು. ರಬ್ಬರು ಸವೆದು ಒಳಗಿನ ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಚ್ಚಿದ ಮೆಕ್ಯಾನಿಕ್ಕನೂ ಅವರ ಶಿಷ್ಯನೇ. ಬಿಚ್ಚಬೇಕಾ ಮೇಷ್ಟ್ರೇ ಎಂದು ಎರಡು ಸಲ ಕೇಳಿದನಂತೆ.

ಆಮೇಲೆ ಭಾವ, ನನಗೆ ಹೇಳಿದ್ದನ್ನೇ ಅಕ್ಕನಿಗೂ ಹೇಳಿದರು. ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ ಗೋಡೆ ನೋಡಿಕೊಂಡು ಹೇಳಿದರು, ಆದರೆ ಒಂದು ಮಾತೂ ಬಿಡಲಿಲ್ಲ. ಅಕ್ಕ ಪೆಡಲಿನ ಸವೆದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೇಳಿದಳು.

"ಕಬ್ಬಿಣ ಏನೋ ಬಿಚ್ಚಿಸಿದ್ರಿ. ಭಯ?"

"ಅದನ್ನ ಬಿಚ್ಚೋ ಮೆಕ್ಯಾನಿಕ್ ಸಿಗ್ಲಿಲ್ಲ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆ ಕಣ್ಣೀರೂ ಬಂತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಅದು ನನ್ನ ಕೆಲ್ಸ, ಬಿಡಿ" ಎಂದು ಎದ್ದು, ಕುರ್ಚಿ ಹತ್ತಿ, ಬೀರುವಿನ ಮೇಲಿಂದ ನಕ್ಷೆ ಇಳಿಸಿದಳು. ಪೆಡಲುಗಳು ನಕ್ಷೆಯ ಎರಡು ಮೂಲೆಗೆ ಭಾರವಾಗಿ ಕೂತವು. ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ಅಡುಗೆಮನೆಗೆ ಬಿಡುಗಡೆ ಸಿಕ್ಕಿತು.

ಮುಂದಿನ ವಾರ ಹೊರಟರು. ಮೊದಲ ದಿನದ ಮಟ್ಟಿಗೆ ನಾನೂ ಜೊತೆಗಿದ್ದೆ. ದಾರಿಯಲ್ಲಿ ಸಿಗುವ ಗೆಳತಿಯ ಊರಿನಲ್ಲಿ ನನ್ನನ್ನು ಇಳಿಸುವ ಏರ್ಪಾಟು. ಕಾರಿನ ತುಂಬ ದಿಂಬು, ಫ್ಲಾಸ್ಕು, ಮಡಿಸುವ ಕುರ್ಚಿ, ಅಕ್ಕನ ದೊಡ್ಡ ಹ್ಯಾಟು. ಊರೊಳಗೆ ಭಾವ ಓಡಿಸಿದರು. ಗಿರಣಿ ದಾಟಿದ ಮೇಲೆ ತಾವಾಗಿಯೇ ನಿಲ್ಲಿಸಿ, ಇಳಿದು, ಪಕ್ಕದ ಸೀಟಿಗೆ ಬಂದು ಕೂತರು.

ಹುಟ್ಟುಗುಣ ಸುಟ್ಟರೂ ಹೋಗದು. ಅಕ್ಕ ಮೂರನೇ ಗೇರು ಹಾಕಿದಳು, ಭಾವನ ಮಂಡಿ ನಡುಗಿತು. ನಾಲ್ಕನೇ ಗೇರು ಹಾಕಿದಳು, ಕಾಲು ನೆಲವನ್ನು ಒತ್ತಿತು. ಪಾಪ, ಅಲ್ಲಿ ಬರೀ ಮ್ಯಾಟು. ಅದೇ ತಿರುವು ಬಂತು, ಈ ಸಲ ಬಸ್ಸಲ್ಲ, ಲಾರಿ. ಭಾವ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದರು. ನಾನು ಕಣ್ಣು ಮುಚ್ಚಲು ತಯಾರಾದೆ.

ಅಕ್ಕ ರಸ್ತೆಯಿಂದ ಕಣ್ಣು ಕದಲಿಸದೆ, ಲ್ಯಾಬಿನಲ್ಲಿ ಹೇಳುತ್ತಿದ್ದ ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು.

"ಆ ಕಡೆ ನೋಡಿ."

ಭಾವ ಪಕ್ಕದ ಕಿಟಕಿಯ ಕಡೆ ತಿರುಗಿದರು. ಲಾರಿ ಭುಸ್ಸೆಂದು ದಾಟಿಹೋಯಿತು, ತಿರುವೂ ಮುಗಿಯಿತು. ಅವರು ಮಾತ್ರ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಆ ಕಡೆ ಸೂರ್ಯಕಾಂತಿಯ ಹೊಲ. ಕಣ್ಣು ಹಾಯುವ ತನಕ ಹಳದಿ, ಅದರ ನಡುವೆ ಒಂದು ಕೆರೆ, ಕೆರೆಯ ಏರಿಯ ಮೇಲೆ ಒಂದು ಬಿಳಿ ಕುದುರೆ. ಇಷ್ಟು ವರ್ಷ ಕಾರಿನಲ್ಲಿ ಕೂತವರು ಮುಂದಿನ ರಸ್ತೆ, ಪಕ್ಕದವರ ಪಾದ, ಹಿಂದಿನ ಕನ್ನಡಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಊರಿನಿಂದ ಕೂಗಳತೆಯಲ್ಲಿದ್ದ ಈ ಕೆರೆ ಅವರಿಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಭಾವ ಅಕ್ಕನ ಕಡೆ ತಿರುಗಿ, ಹುಡುಗರು ಅಮ್ಮನ ಹತ್ತಿರ ಕೇಳುವ ಹಾಗೆ ಮೆಲ್ಲಗೆ ಕೇಳಿದರು.

"ಇಲ್ಲಿ ಒಂಚೂರು ನಿಲ್ಲಿಸ್ತೀಯಾ?"

ಅಕ್ಕ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ನನ್ನ ಕೈಯಲ್ಲಿದ್ದ ಲೋಟದ ಕಾಫಿ ತುಳುಕದ ಹಾಗೆ ಬ್ರೇಕ್ ಒತ್ತಿ ಕಾರು ನಿಲ್ಲಿಸಿದಳು. ಭಾವನ ಬಲಗಾಲು ಅಲುಗಾಡಲಿಲ್ಲ.