ಭಾವನ ಹೊಸ ಮೂಗು, ಹಳೆಯ ಕನ್ನಡಕ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕನ್ನಡಕದ ಅಂಗಡಿಯವರು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಎರಡೂ ಬದಿಗೆ ಬೆರಳೊತ್ತಿ, ದಪ್ಪ ಫ್ರೇಮ್ ಬೇಕೋ ತೆಳುವೋ ಎಂದು ತೀರ್ಪು ಕೊಡುವವರು. ಜನರ ಹೆಸರು ಮರೆಯುತ್ತಾರೆ, ಮೂಗು ಮರೆಯುವುದಿಲ್ಲ. ಬೀದಿಯಲ್ಲಿ ಯಾರೋ ನಮಸ್ಕಾರ ಹೇಳಿದರೆ ನನ್ನ ಕಿವಿಯಲ್ಲಿ, "ಎಡಗಡೆ ಸ್ವಲ್ಪ ತಗ್ಗು, ನಾನೇ ಕನ್ನಡಕದ ಪ್ಯಾಡ್ ಬಗ್ಗಿಸಿಕೊಟ್ಟಿದ್ದು" ಅನ್ನುತ್ತಾರೆ.

ಅವರ ಸ್ವಂತ ಮೂಗಿನ ನಡುವೆ ಒಂದು ಗೂನು ಇತ್ತು. ಐವತ್ತು ದಾಟುವವರೆಗೂ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾವೆಲ್ಲ ನಮ್ಮನ್ನು ಎದುರಿನಿಂದ ನೋಡಿಕೊಳ್ಳುವವರು. ಪಕ್ಕದಿಂದ ಹೇಗಿದ್ದೇವೆ ಎಂಬುದು ಪಕ್ಕದಲ್ಲಿ ಕೂತವರ ಕಷ್ಟ. ಆದರೆ ಅಂಗಡಿಯನ್ನು ಹೊಸದು ಮಾಡಿಸುವಾಗ ಭಾವ ಮೂರು ಗೋಡೆಗೂ ಕನ್ನಡಿ ಹಾಕಿಸಿದರು. ನಾನು ಒಮ್ಮೆ ಅಲ್ಲಿ ಕೂತು ನನ್ನ ತಲೆಯ ಹಿಂಭಾಗದ ಬಯಲು ಕಂಡಮೇಲೆ ಬಾಗಿಲಲ್ಲೇ ನಿಂತು ಮಾತಾಡಿಸಿ ಬರುತ್ತೇನೆ. ಭಾವನಿಗೆ ಆ ಸೌಲಭ್ಯವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಎತ್ತ ತಿರುಗಿದರೂ ಗೂನು.

"ಒಂಟೆ ಮಲಗಿದ ಹಾಗಿದೆ ಕಣೋ," ಎಂದರು ನನಗೆ.

"ಇಷ್ಟು ವರ್ಷ ಈ ಒಂಟೇನ ನಾನು ನೋಡ್ತಿರಲಿಲ್ವಾ?" ಅಕ್ಕ ಕೇಳಿದಳು. "ಒಂದು ದಿನ ದೂರು ಹೇಳಿದೀನಾ?"

"ನೀನು ದೂರು ಹೇಳದೆ ಬಿಟ್ಟಿದ್ದು ಅದೊಂದೇ."

ಕೊನೆಗೆ ಭಾವ ಆ ಗೂನನ್ನು ಕೊಯ್ಯಿಸಿಬಿಡುವುದೆಂದು ತೀರ್ಮಾನಿಸಿದರು. ಅಕ್ಕ ಜೊತೆಗೆ ಬರಲೊಪ್ಪದ್ದರಿಂದ ಅವರೊಡನೆ ಡಾಕ್ಟರ ಹತ್ತಿರ ನಾನೇ ಹೋಗಬೇಕಾಯಿತು. ಭಾವ ಜೇಬಿನಿಂದ ಕೂದಲೆಳೆಯಷ್ಟು ತೆಳುವಾದ ಒಂದು ಫ್ರೇಮ್ ತೆಗೆದು ಮೇಜಿನ ಮೇಲಿಟ್ಟು, "ಇದು ಒಪ್ಪೋ ಹಾಗೆ ಮೂಗು ಮಾಡಿಕೊಡಿ" ಎಂದರು. ಜೀವಮಾನವೆಲ್ಲ ಮೂಗಿಗೆ ತಕ್ಕ ಫ್ರೇಮ್ ಕೊಟ್ಟ ಮನುಷ್ಯ, ತನ್ನ ಸರದಿ ಬಂದಾಗ ಫ್ರೇಮಿಗೆ ತಕ್ಕ ಮೂಗು ಕೇಳಿದರು.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ರಕ್ತ ಹರಿಯಬಹುದು, ಕೀವಾಗಬಹುದು, ತುದಿ ಮರಗಟ್ಟಬಹುದು, ಮೂಗು ಸೊಟ್ಟಗಾಗಬಹುದು, ಉಸಿರಾಟಕ್ಕೆ ಅಡ್ಡಿಯಾಗಬಹುದು, ಮತ್ತೊಮ್ಮೆ ಕೊಯ್ಯಬೇಕಾಗಬಹುದು. ಹೊಸ ಕನ್ನಡಕ ಹಾಕಿದ ಗಿರಾಕಿಗೆ ಭಾವ, "ಮೊದಮೊದಲು ನೆಲ ಏರಿಳಿತ ಅನ್ನಿಸುತ್ತೆ, ಮೆಟ್ಟಿಲು ಜೋಪಾನ" ಅನ್ನುವಾಗ ಗಿರಾಕಿ ಕನ್ನಡಿ ನೋಡುತ್ತ ಹೂಂಗುಟ್ಟುತ್ತಾನಲ್ಲ, ಅದೇ ಮುಖ ಮಾಡಿಕೊಂಡು ಭಾವ ಎಲ್ಲದಕ್ಕೂ ಹೂಂಗುಟ್ಟಿದರು. ಜೊತೆಗಿರಲಿ ಎಂದು ನಾನೂ ತಲೆಯಾಡಿಸಿದೆ.

ಹಾಗೆ ಹೂಂಗುಟ್ಟಿದ್ದರಲ್ಲಿ ಇನ್ನೊಂದು ಮಾತೂ ಸೇರಿಹೋಗಿತ್ತು: ಮೂಳೆ ಕೂಡುವವರೆಗೆ, ವಾರಗಟ್ಟಲೆ, ಮೂಗಿನ ಮೇಲೆ ಕನ್ನಡಕ ಇಡುವಂತಿಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಭಾವ ದಿನವೂ ಹಾಕುವ ತಮ್ಮ ಕನ್ನಡಕವನ್ನು ಹಣೆಗೆ ಟೇಪು ಹಚ್ಚಿ ತೂಗುಹಾಕಿಕೊಂಡರು. ಬೆವರಿಗೆ ಟೇಪು ಕಳಚಿಬಿತ್ತು. ಬರಿಗಣ್ಣಲ್ಲಿ ಅಂಗಡಿಗೆ ಹೋಗಿ, ಬಾಗಿಲ ಬಳಿಯ ಫ್ರೇಮ್ ಸ್ಟ್ಯಾಂಡಿಗೆ "ಬನ್ನಿ, ಕೂತ್ಕೊಳ್ಳಿ" ಎಂದರಂತೆ.

ಊತ ಇಳಿಯುತ್ತ ಬಂದಂತೆ ಮೂಗೇನೋ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಕಂಡಿತು. ಆಮೇಲೆ ಆ ತೆಳು ಫ್ರೇಮಿನ ಕನ್ನಡಕ ಹಾಕಿದರು. ಜಾರಿತು. ಮೇಲೇರಿಸಿದರು, ಮತ್ತೆ ಜಾರಿ ತುದಿಗೆ ಬಂದು ಕೂತಿತು. ಇಷ್ಟು ವರ್ಷ ಕನ್ನಡಕವನ್ನು ಹಿಡಿದು ನಿಲ್ಲಿಸಿದ್ದು ಆ ಗೂನೇ. ಕನ್ನಡಕ ತೆಗೆದರೆ ಮೂಗು ಚೆಂದ. ಆದರೆ ತೆಗೆದರೆ ಕನ್ನಡಿಯಲ್ಲಿ ಏನೂ ಕಾಣದು.

ಇದಕ್ಕಾದರೂ ನಗಬಹುದಿತ್ತು. ಬಲಗಡೆಯ ಹೊಳ್ಳೆ ಮಾತ್ರ ನಗುವಂಥದ್ದಾಗಿರಲಿಲ್ಲ. ಅದರಲ್ಲಿ ಗಾಳಿ ಆಡುತ್ತಿರಲಿಲ್ಲ. ಒಮ್ಮೊಮ್ಮೆ ಸಿಳ್ಳೆ ಹೊಡೆಯುತ್ತಿತ್ತು.

"ಕುಕ್ಕರ್ ಕೂಗ್ತು ಅಂತ ಎದ್ದು ಹೋಗಿ ಒಲೆ ನೋಡಿ ಬರ್ತೀನಿ," ಎಂದಳು ಅಕ್ಕ. ಅವಳ ಮುಖದಲ್ಲೂ ನಗು ಇರಲಿಲ್ಲ.

ಭಾವ ಬಾಯಿಂದ ಉಸಿರಾಡತೊಡಗಿದರು. ಅವರ ಕೆಲಸವೋ, ಗಿರಾಕಿಯ ಮುಖಕ್ಕೆ ಮುಖ ತಾಗಿಸುವಷ್ಟು ಬಗ್ಗಿ ಮಾಡುವಂಥದ್ದು. ಬಾಯಿ ತೆರೆದು ಬಗ್ಗಿದರೆ ಗಿರಾಕಿ ಹಿಂದೆ ಸರಿಯುತ್ತಾನೆ. ಸರಿಯದವನ ಗಾಜು ಮಬ್ಬಾಗುತ್ತದೆ. ಹಳೆಯ ಗಿರಾಕಿಯೊಬ್ಬರು "ಹುಷಾರಿಲ್ವಾ? ಇನ್ನೊಂದಿನ ಬರ್ತೀನಿ ಬಿಡಿ" ಎಂದು ಎದ್ದುಹೋದ ಸಂಜೆ ಭಾವ ನನ್ನನ್ನು ಮತ್ತೆ ಡಾಕ್ಟರ ಹತ್ತಿರ ಎಳೆದೊಯ್ದರು.

"ಒಳಗಿನ ಆಧಾರ ಸ್ವಲ್ಪ ಕುಸಿದಿದೆ," ಎಂದರು ಡಾಕ್ಟರು. "ಸರಿಮಾಡಬಹುದು. ಆದರೆ ಊತ ಪೂರ್ತಿ ಇಳೀಬೇಕು, ಸುಮಾರು ಒಂದು ವರ್ಷ ಕಾಯಿರಿ. ಕಿವಿಯಿಂದ ಸ್ವಲ್ಪ ಮೃದು ಎಲುಬು ತೆಗೆದು ಮೂಗಿಗೆ ಹಾಕಬೇಕಾಗಬಹುದು."

ಭಾವ ಜಾರಿದ ಕನ್ನಡಕವನ್ನು ಮೇಲೇರಿಸಿದರು. "ಡಾಕ್ಟರೇ, ಕನ್ನಡಕಕ್ಕೆ ಇರೋದೇ ಮೂರು ಆಧಾರ. ಒಂದು ಮೂಗು, ಎರಡು ಕಿವಿ. ಒಂದು ಹೋಯ್ತು. ಈಗ ಇನ್ನೊಂದು ಕೇಳ್ತಿದೀರಿ."

"ಕಿವಿ ಆಕಾರ ಸಾಮಾನ್ಯವಾಗಿ ಕೆಡಲ್ಲ."

"ಸಾಮಾನ್ಯವಾಗಿ ಅಂದ್ರೆ?"

ಮೊದಲ ಸಲ ಒಂದು 'ಬಹುದು' ಕೂಡ ಕಿವಿಗೆ ಹಾಕಿಕೊಳ್ಳದವರು ಈಗ ಒಂದೊಂದನ್ನೂ ತಡೆದು ನಿಲ್ಲಿಸಿ ವಿಚಾರಿಸಿದರು. ಡಾಕ್ಟರಿಗೂ ಬೇಸರವಾಯಿತು. ಹೊರಗೆ ಬಂದಮೇಲೆ ಭಾವ, "ಆಗಲೂ ಇದನ್ನೇ ಹೇಳಿದ್ರಾ?" ಎಂದರು. ಹೂಂ ಎಂದೆ.

ಎರಡನೆಯ ಸಲ ಮಾಡಿಸಬೇಕೆಂದು ಹಟ ಹಿಡಿದವಳು ಅಕ್ಕ. "ಚೆಂದ ಹಾಳಾಗಲಿ, ಉಸಿರಾಡೋ ಹಾಗಾಗಲಿ. ಕನ್ನಡಕಕ್ಕೆ ದಾರ ಕಟ್ಕೊಳ್ಳಿ," ಎಂದಳು. ಭಾವ ಒಪ್ಪಿದ್ದಾರೆ. ಆದರೆ ವರ್ಷ ಮುಗಿಯಬೇಕಲ್ಲ.

ಮೊನ್ನೆ ಅಂಗಡಿಗೆ ಹೋಗಿದ್ದೆ. ತೆಳು ಫ್ರೇಮ್ ಗಾಜಿನ ಕಪಾಟಿಗೆ ಮರಳಿತ್ತು. ಭಾವ ತಮ್ಮ ಹಳೆಯ ದಪ್ಪ ಫ್ರೇಮಿಗೆ ರಬ್ಬರ್ ಪ್ಯಾಡಿನ ಮೇಲೆ ಪ್ಯಾಡ್ ಅಂಟಿಸಿ, ಕಳೆದುಕೊಂಡ ಗೂನನ್ನು ತಾವೇ ಕಟ್ಟಿಕೊಂಡಿದ್ದರು. ಯಾರದೋ ಕನ್ನಡಕವನ್ನು ಬಾಯಿಯ ಹತ್ತಿರ ಹಿಡಿದು, ಸಾಸಿವೆಯಷ್ಟು ತಿರುಪನ್ನು ತೂತಿಗೆ ಕೂರಿಸಲು ಒದ್ದಾಡುತ್ತಿದ್ದರು.

"ಈಗ ಕಾಣಿಸುತ್ತಾ ಭಾವ?"

"ಉಸಿರು ಬಿಡದೆ ಇದ್ರೆ ಕಾಣುತ್ತೆ," ಎಂದರು. ಕೈಲಿದ್ದ ಕನ್ನಡಕದ ಗಾಜು ಮಬ್ಬಾಯಿತು.