ಚೀಲಕ್ಕೆ ತಕ್ಕ ಕೊಡಲಿ

ಯಾವ ವಸ್ತುವೂ ಬರಿಮೈಯಲ್ಲಿರುವುದನ್ನು ಖಾಸಿಂ ಚಾಚಾ ಸಹಿಸುತ್ತಿರಲಿಲ್ಲ. ಅವರ ಮನೆಯ ಗ್ಯಾಸ್ ಸಿಲಿಂಡರಿಗೆ ಲಂಗ, ಸೈಕಲ್ ಸೀಟಿಗೆ ಟೋಪಿ, ಟಿವಿ ರಿಮೋಟಿಗೆ ಗುಂಡಿಯಿರುವ ಅಂಗಿ. ಒಮ್ಮೆ ನಮ್ಮನೆಗೆ ಬಂದವರು ಹೊಸ ಮಿಕ್ಸರ್ ನೋಡಿ ಕೊರಳಲ್ಲಿದ್ದ ಟೇಪು ತೆಗೆದರು. “ಯವ್ವಾ, ಪಾಪ, ಹಿಂಗ ನಿಂದ್ರಿಸೀಯಲ್ಲ ಇದನ್ನ!” ಮರುದಿನ ನಮ್ಮ ಮಿಕ್ಸರ್ ನೀಲಿ ಚೌಕಳಿಯ ಅಂಗಿ ತೊಟ್ಟು ಕೂತಿತ್ತು.

ಮಸ್ಕಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಮುಂದಿನ ಕೋಣೆಯಲ್ಲಿ ಅವರ ಟೇಲರ್ ಅಂಗಡಿ. ಅರವತ್ತು ದಾಟಿದ ಮೇಲೆ ಅವರಿಗೆ ಮೊಬೈಲಿನಲ್ಲಿ ಕಾಡಿನ ಹುಚ್ಚು ಹತ್ತಿತು. ಯಾರೋ ಗಡ್ಡದವನು ಒಂದೇ ಒಂದು ಚೀಲ ಹೊತ್ತು ಕಾಡಿಗೆ ಹೋಗಿ, ಕಟ್ಟಿಗೆ ಕಡಿದು, ಒಲೆ ಹೂಡಿ ಬದುಕುವ ವಿಡಿಯೋಗಳು. ಚಾಚಾ ಕಂಡಿದ್ದ ಕಾಡೆಂದರೆ ಕಾಲುವೆ ದಂಡೆಯ ಜಾಲಿ, ಅಷ್ಟೇ. “ಸಾಯೂದರಾಗ ಎರಡು ದಿನ ದಾಂಡೇಲಿ ಕಡೆ ಅಡವ್ಯಾಗ ಇದ್ದು ಬರತೀನಿ” ಎಂದು ಹಟ ಹಿಡಿದರು.

ಹೆಂಡತಿ ಹಾಜಿರಾ ಚಾಚಿ ಒಂದು ಷರತ್ತು ಹಾಕಿದಳು. ಗಂಡ ಹೆಂಡತಿ ತಮ್ಮೊಳಗೆ ಉರ್ದು ಆಡಿದರೂ ಜಗಳ ಮಾತ್ರ ನನ್ನ ಮುಂದೆ ಕನ್ನಡದಲ್ಲಿ, ನ್ಯಾಯ ನನಗೂ ತಿಳಿಯಲಿ ಎಂದು.

“ಹಿತ್ತಲದಾಗ ಜಾಲಿ ಗಿಡ ಐತಿ. ನಿಮ್ಮ ಚೀಲದಾಗಿನ ಸಾಮಾನಿಲೆ ಕಟ್ಟಿಗಿ ಕಡದು ನನಗೊಂದು ಕಪ್ ಚಾ ಮಾಡಿ ಕೊಡ್ರಿ. ಕೊಟ್ರ ಹೋಗ್ರಿ. ಇಲ್ಲಂದ್ರ ಅಡವಿ ಮಾತು ಮತ್ತ ಎತ್ತಬ್ಯಾಡ್ರಿ.”

ಚಾಚಾ ಒಪ್ಪಿದರು. ಆದರೆ ಟೇಲರ್ ಅಲ್ಲವೇ, ಮೊದಲು ಚೀಲ ಹೊಲಿದರು! ಖಾಕಿ ಬಟ್ಟೆ, ಎರಡೆರಡು ಹೊಲಿಗೆ, ಕಟ್ಟಿಗೆ ಕಡಿಯುವ ಹತಾರಕ್ಕೆಂದೇ ಒಂದು ಗೇಣುದ್ದದ ಜೇಬು. ಹತಾರ ಇನ್ನೂ ಸಿಕ್ಕಿರಲಿಲ್ಲ.

ಸಿಂಧನೂರಿನ ಅಂಗಡಿಯಲ್ಲಿ ಚಾಕುವಿನಂತೆ ಮಡಚುವ ಗರಗಸವಿತ್ತು. ಮಡಚಿದರೂ ಜೇಬಿನಿಂದ ಎರಡು ಬೆರಳು ಹೊರಗೆ ಇಣುಕಿತು. “ಚಾಚಾ, ಚೀಲಾನ ಸ್ವಲ್ಪ ದೊಡ್ಡದು ಮಾಡ್ರಲ್ಲ” ಎಂದ ಅಂಗಡಿಯವನು. “ಹೊಲಿದದ್ದು ಹೊಲಿದಾತಪ್ಪಾ. ನಾ ಬಿಚ್ಚಾಂವಲ್ಲ” ಎಂದು ಬರಿಗೈಯಲ್ಲಿ ಬಸ್ಸು ಹತ್ತಿ ಬಂದರು. 

ಆಮೇಲೆ ನಮ್ಮೂರ ಕಮ್ಮಾರ ಈರಣ್ಣನ ಹತ್ತಿರ ಸಣ್ಣ ಕೊಡಲಿ ಆಯಿತು. ಗಿರಾಕಿಯ ಪ್ಯಾಂಟಿಗೆ ಮಾಡುವ ಹಾಗೆ ಚಾಚಾ ಅದರ ಕಾವಿನ, ಅಂದರೆ ಮರದ ಹಿಡಿಕೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಈರಣ್ಣ ಕೊಯ್ದ. ಜೇಬಿಗೆ ಇಳಿಯಲಿಲ್ಲ. ಮತ್ತೆ ಗೆರೆ, ಮತ್ತೆ ಕೊಯ್ತ. ಮೂರನೆಯ ಸಲ ಈರಣ್ಣ ಕೈಮುಗಿದ. “ಚಾಚಾ, ಇದು ಕಟ್ಟಿಗಿ ಕಡಿಯಾಕೋ, ಅಡಕಿ ಒಡಿಯಾಕೋ?” ಚಾಚಾ ಕೊಡಲಿಯನ್ನು ಜೇಬಿಗಿಳಿಸಿ ಗುಂಡಿ ಹಾಕಿದರು. “ನೋಡೋ, ಫಿಟ್ಟಿಂಗ್ ಹೆಂಗ ಕುಂತೈತಿ!”

ಭಾನುವಾರ ಊಟವಾದ ಮೇಲೆ ಪರೀಕ್ಷೆ. ನಾನು ಪಂಚಾಯ್ತಿಯವಳ ಹಾಗೆ ಕುರ್ಚಿ ಹಾಕಿಕೊಂಡು ಕೂತೆ. ಚಾಚಾ ಮೊದಲು ಜಾಲಿಯ ಕೊಂಬೆಗೆ ಟೇಪು ಸುತ್ತಿದರು. “ಸುತ್ತಳತಿ ಆರೂವರೆ” ಎಂದು ನನಗೆ ಹೇಳಿದರು, ನಾನು ಬರೆದುಕೊಳ್ಳುತ್ತೇನೆ ಎಂಬಂತೆ. ಆಮೇಲೆ ಏಟು. ಕಾವು ಮುಷ್ಟಿಯಷ್ಟೇ ಇದ್ದುದರಿಂದ ಕೊಡಲಿಗೆ ಬೀಸೇ ಇಲ್ಲ. ಪುಟಿದು ವಾಪಸ್ ಬರುತ್ತಿತ್ತು. ಅವರ ತಲೆಯ ಟೋಪಿ ಮುಳ್ಳಿಗೆ ಸಿಕ್ಕು ಮೇಲೆಯೇ ಉಳಿಯಿತು. ಬಹಳ ಹೊತ್ತಿನ ಮೇಲೆ ಒಂದು ಕೊಂಬೆ ಬಿತ್ತು. ಮೂರು ಕಲ್ಲಿಟ್ಟು ಒಲೆ ಹೂಡಿದರು. ಹಸೀ ಕಟ್ಟಿಗೆ! ಉರಿ ಹತ್ತಲಿಲ್ಲ, ಹೊಗೆ ಮಾತ್ರ ನಮ್ಮ ಮೂವರ ಕಣ್ಣಲ್ಲೂ ನೀರು ತರಿಸಿತು.

“ಸೋತೆ ಯವ್ವಾ” ಎಂದು ಚಾಚಾ ಚೀಲವನ್ನು ಹೆಗಲಿಂದಿಳಿಸಿ ನೆಲಕ್ಕಿಟ್ಟರು. ಹೊಲಿದು ಕೊಟ್ಟ ಮದುವೆ ಅಂಗಿಯನ್ನು ಗಿರಾಕಿ ವಾಪಸ್ ತಂದಾಗಿನ ಮುಖ. ನನಗೆ ನಗು ಅಲ್ಲಿಗೇ ನಿಂತಿತು.

ಚಾಚಿ ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿದಳು. ತಾನೇ ಬಿದ್ದು ಒಣಗಿದ್ದ ಪುಳ್ಳೆಗಳನ್ನು ಆರಿಸಿ, ಮೊಣಕಾಲಿಗಿಟ್ಟು ಲಟಲಟ ಮುರಿದು ಒಲೆಗಿಟ್ಟಳು. ಭಗ್ಗನೆ ಹತ್ತಿತು. 

“ಸಣ್ಣಾಕಿ ಇದ್ದಾಗಿಂದ ಕಟ್ಟಿಗಿ ತಂದೀನಿ. ಒಂದು ದಿನ ಕೊಡ್ಲಿ ಮುಟ್ಟಿಲ್ಲ. ಅಡವ್ಯಾಗ ಬಿದ್ದದ್ದನ್ನ ಆರಿಸ್ತಾರ್ರೀ, ನಿಂತದ್ದನ್ನ ಯಾರು ಕಡೀತಾರ?” ಗಂಡನ ಕೈಗೆ ಚಹಾ ಕೊಟ್ಟು, ಆ ಮುಖವನ್ನು ಒಂದು ಗಳಿಗೆ ನೋಡಿದಳು. “ಹೋಗೂದಾದ್ರ ನನ್ನ ಕರಕೊಂಡು ಹೋಗ್ರಿ.”

ಚಾಚಾ ಅವಳನ್ನು ತಲೆಯಿಂದ ಕಾಲಿನವರೆಗೆ ಕಣ್ಣಲ್ಲೇ ಅಳೆದರು.

“ಚೀಲದಾಗ ನೀ ಹಿಡಿಯಂಗಿಲ್ಲಲ್ಲ!”

“ಹೊಲಿಗಿ ಬಿಚ್ಚಿ ದೊಡ್ಡದು ಮಾಡ್ರಿ.”

ಬಿಚ್ಚಿದರು! ಚಾಚಿಯ ಎರಡು ಸೀರೆ, ಒಂದು ಚಾದರ ಹಿಡಿಯುವ ಹಾಗೆ. ಕೊಡಲಿ ಈರಣ್ಣನಲ್ಲಿಗೇ ವಾಪಸ್ ಹೋಯಿತು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ. ದಾಂಡೇಲಿ ನೋಡಿಕೊಂಡು ಅವರು ಲಿಂಗಸುಗೂರಿನ ಮಗಳ ಮನೆಗೆ ಹೋದರು. ಮೊಮ್ಮಗಳ ಮದುವೆಯ ಬಟ್ಟೆ ಹೊಲಿಯಲು ಅಲ್ಲೇ ಉಳಿದರು. ಆ ಹೊಲಿಗೆ ಮುಗಿದ ವಾರದಲ್ಲೇ ಚಾಚಾ ತೀರಿಕೊಂಡರಂತೆ. ಅಂಗಡಿಗೆ ಈಗ ಬೀಗ.

ಅವತ್ತು ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹೊರಟಾಗ ಚಾಚಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ್ದರು: “ಯವ್ವಾ, ಚಾಪುಡಿ ಮರತೇನಲ್ಲ! ಬಸ್ ನಿಂದ್ರಸು!” ಒಳಗಿನಿಂದ ಬಳೆ ತೊಟ್ಟ ಕೈಯೊಂದು ಬಂದು ಅವರ ಕಾಲರ್ ಹಿಡಿದು ಮೆಲ್ಲಗೆ ಒಳಗೆಳೆದುಕೊಂಡಿತು. “ನಾ ತಂದೀನಿ, ಕುಂದರ್ರಿ.”